ಇಂಪೀರಿಯಲ್ ಕಣಿವೆಯ ಪಂಜಾಬಿ ರೈತ

ಹುಟ್ಟಿದ ನಾಡನ್ನು ಬಿಟ್ಟು ದೂರದೇಶಕ್ಕೆ ಹೊರಡುವವರೆಲ್ಲರೂ ಬೇಗನೆ ಮರಳಿ ಬರುವೆವೆಂದು ಹೇಳಿಯೇ ಹೊರಡುತ್ತಾರೆ. ಹೊಸ್ತಿಲಲ್ಲಿ ನಿಂತ ಮನೆಯವರ ಮುಂದೆ ಬೇರೆ ಮಾತನ್ನಾಡಲು ಯಾರಿಗೂ ನಾಲಿಗೆ ಹೊರಳುವುದಿಲ್ಲ. 1920ರಲ್ಲಿ ಪಂಜಾಬಿನ ಅಮೃತಸರ ಜಿಲ್ಲೆಯ ಛಜ್ಜಲವಾಡಿ ಎಂಬ ಹಳ್ಳಿಯಿಂದ ಅಮೆರಿಕಕ್ಕೆ ಹೊರಟ ದಲೀಪ್ ಸಿಂಗ್ ಸೌಂದ್ ಅವರೂ ಹಾಗೆಯೇ ಹೇಳಿದ್ದರು. ಹಣ್ಣುಗಳನ್ನು ಕೆಡದಂತೆ ಡಬ್ಬಿಗಳಲ್ಲಿ ತುಂಬಿಡುವ ವಿದ್ಯೆಯನ್ನು ಕಲಿಯುವುದು, ಕೆಲವೇ ವರ್ಷಗಳಲ್ಲಿ ಊರಿಗೆ ಹಿಂದಿರುಗಿ ಮಾವಿನಹಣ್ಣನ್ನು ಡಬ್ಬಿ ಕಟ್ಟುವ ಉದ್ಯಮವನ್ನು ಆರಂಭಿಸುವುದು, ಇದು ಅವರ ಸಂಕಲ್ಪವಾಗಿತ್ತು. ಆ ಉದ್ಯಮವು ಎಂದೂ ತಲೆಯೆತ್ತಲಿಲ್ಲ. ಸೌಂದರು ತಮ್ಮ ಹಳ್ಳಿಯನ್ನು ಮತ್ತೆ ಕಂಡದ್ದು ಮೂವತ್ತೇಳು ವರ್ಷಗಳ ಅನಂತರ, ಅಮೆರಿಕದ ಶಾಸನಸಭೆಯ ಸದಸ್ಯರಾಗಿ.

ಅವರು ಹುಟ್ಟಿದ್ದು 1899ರ ಸೆಪ್ಟೆಂಬರ್ 20ರಂದು. ತಂದೆತಾಯಿಗಳಿಗೆ ಅಕ್ಷರಜ್ಞಾನವಿರಲಿಲ್ಲ. ತಮಗಿಲ್ಲದ ಭಾಗ್ಯವು ಮಕ್ಕಳಿಗಾದರೂ ಇರಲೆಂಬ ಹಂಬಲವು ಆ ಮನೆತನದಲ್ಲಿ ಎಷ್ಟು ಬಲವಾಗಿತ್ತೆಂದರೆ, ಶಾಲೆಯೇ ಇಲ್ಲದ ಆ ಹಳ್ಳಿಯಲ್ಲಿ ಒಂದೇ ಕೋಣೆಯ ಶಾಲೆಯೊಂದು ತಲೆಯೆತ್ತಲು ಅವರೇ ಕಾರಣರಾದರು. ಆ ಕೋಣೆಯಿಂದ ಹೊರಟ ಹುಡುಗನು 1919ರಲ್ಲಿ ಪಂಜಾಬ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಪದವಿಯನ್ನು ಪಡೆದನು. ಅದೇ ವರ್ಷದ ಏಪ್ರಿಲ್ 13ರಂದು ಅದೇ ಜಿಲ್ಲೆಯ ಜಲಿಯನ್‌ವಾಲಾ ಬಾಗ್‌ನಲ್ಲಿ ನಿರಾಯುಧ ಜನರ ಮೇಲೆ ಗುಂಡಿನ ಮಳೆ ಸುರಿದಿತ್ತು. ಗಾಂಧೀಜಿಯವರ ಹೋರಾಟವು ಆ ಕಾಲದ ತರುಣರನ್ನು ಸೆಳೆಯುತ್ತಿದ್ದಂತೆಯೇ ಸೌಂದರನ್ನೂ ಸೆಳೆಯಿತು. ಜೊತೆಗೆ ಅಬ್ರಹಾಂ ಲಿಂಕನ್ನರ ಬರಹಗಳೂ ವುಡ್ರೋ ವಿಲ್ಸನ್ನರ ಭಾಷಣಗಳೂ ಅವರ ಕೈಗೆ ಸಿಕ್ಕಿದ್ದವು. ಎಲ್ಲ ಮನುಷ್ಯರೂ ಸಮಾನರೆಂದು ಸಾರುವ ನಾಡೊಂದು ಭೂಮಿಯ ಮೇಲಿದೆಯೆಂದು ಅವರು ನಂಬಿದರು.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ವಿಶ್ವವಿದ್ಯಾನಿಲಯವನ್ನು ಸೇರಿದ ಸೌಂದರಿಗೆ ತಲೆಮರೆಸಿಕೊಳ್ಳಲು ಸೂರು ದೊರೆತದ್ದು ಸ್ಟಾಕ್‌ಟನ್ ನಗರದ ಸಿಖ್ಖರು ಭಾರತೀಯ ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ವಸತಿಗೃಹದಲ್ಲಿ. ಆ ಸಿಖ್ಖರಲ್ಲಿ ಬಹುಮಂದಿ ಹೊಲಗಳಲ್ಲಿ ಬೆವರು ಸುರಿಸುತ್ತಿದ್ದ ಕೂಲಿಗಳು, ರೈತರು. ಕೆಲವು ಕಾಲ ಆಹಾರರಕ್ಷಣೆಯ ಶಾಸ್ತ್ರವನ್ನು ಓದಿದ ಮೇಲೆ ಸೌಂದರ ಮನಸ್ಸು ತನ್ನ ಮೊದಲ ಒಲವಾದ ಗಣಿತದತ್ತ ತಿರುಗಿತು. 1922ರಲ್ಲಿ ಸ್ನಾತಕೋತ್ತರ ಪದವಿಯೂ 1924ರಲ್ಲಿ ಡಾಕ್ಟರೇಟ್ ಪದವಿಯೂ ಅವರಿಗೆ ದೊರೆತವು. ಇಷ್ಟು ಓದಿದವನಿಗೆ ಯಾವುದಾದರೊಂದು ಕಾಲೇಜಿನಲ್ಲಿ ಅಧ್ಯಾಪಕನ ಕೆಲಸ ಸಿಕ್ಕೀತೆಂದು ಯಾರಾದರೂ ಎಣಿಸಬಹುದು. ಆದರೆ ಸಿಕ್ಕಲಿಲ್ಲ. ಗಣಿತದ ಡಾಕ್ಟರು 1925ರಲ್ಲಿ ಕ್ಯಾಲಿಫೋರ್ನಿಯಾದ ದಕ್ಷಿಣದ ಅಂಚಿಗೆ ಹೋಗಿ, ಹತ್ತಿ ಬಿಡಿಸುವ ಕೂಲಿಗಳ ಮೇಸ್ತ್ರಿಯಾದರು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಆ ದೇಶದ ಅಂದಿನ ಕಾನೂನನ್ನು ಸ್ವಲ್ಪ ನೋಡಬೇಕು. ಹೊರನಾಡಿನಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವವೆಂಬ ನಿಯಮವು 1790ರಷ್ಟು ಹಿಂದಿನದು. ಅಂತರ್ಯುದ್ಧದ ಅನಂತರ 1870ರಲ್ಲಿ ಆಫ್ರಿಕದ ಮೂಲದವರಿಗೂ ಆ ಬಾಗಿಲನ್ನು ತೆರೆಯಲಾಯಿತು. ಭಾರತೀಯರು ಯಾವ ಪಂಗಡಕ್ಕೆ ಸೇರಿದವರು? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂದ್ ಎಂಬ ಸಿಖ್ಖರ ಮೊಕದ್ದಮೆಯಲ್ಲಿ ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಉತ್ತರ ಭಾರತದವರೂ ಯೂರೋಪಿನವರೂ ಒಂದೇ ಮೂಲದವರೆಂದು ಆ ಕಾಲದ ಪಂಡಿತರು ಬರೆದಿದ್ದರು. ಥಿಂದರು ಅದನ್ನೇ ಆಧಾರವಾಗಿ ಹಿಡಿದು ವಾದಿಸಿದರು. ಪಂಡಿತರ ಮಾತು ಹೇಗಾದರೂ ಇರಲಿ, ಬೀದಿಯಲ್ಲಿ ನಡೆಯುವ ಸಾಮಾನ್ಯ ಮನುಷ್ಯನು ಭಾರತೀಯನನ್ನು ಬಿಳಿಯನೆಂದು ಕರೆಯುವುದಿಲ್ಲವೆಂದು ನ್ಯಾಯಾಲಯವು 1923ರಲ್ಲಿ ತೀರ್ಪಿತ್ತಿತು. ಅದಕ್ಕೆ ಮೊದಲು ಪೌರತ್ವವನ್ನು ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲಾಯಿತು. ಸೌಂದರು ಡಾಕ್ಟರೇಟ್ ಪಡೆದದ್ದು ಈ ತೀರ್ಪಿನ ಮರುವರ್ಷ!

ಇಂಪೀರಿಯಲ್ ಕಣಿವೆಯು ಸಮುದ್ರಮಟ್ಟಕ್ಕಿಂತಲೂ ಕೆಳಗಿರುವ ಮರುಭೂಮಿ. ಬೇಸಗೆಯಲ್ಲಿ ಅಲ್ಲಿನ ನೆಲವು ಕಾದ ಹಂಚಿನಂತಿರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಲೊರಾಡೊ ನದಿಯ ನೀರನ್ನು ಕಾಲುವೆಗಳ ಮೂಲಕ ಹರಿಸಿದ ಮೇಲೆ ಆ ಮರಳುಗಾಡಿನಲ್ಲಿ ಹತ್ತಿ, ಕರಬೂಜ, ಕುದುರೆಮೆಂತ್ಯ, ಲೆಟ್ಯೂಸ್ ಎಂಬ ಸೊಪ್ಪು ಮೊದಲಾದ ಬೆಳೆಗಳು ತಲೆದೂಗತೊಡಗಿದವು. ಕಾಲುವೆಯ ನೀರು, ಸುಡುವ ಬಿಸಿಲು, ಚಪ್ಪಟೆಯಾದ ಹೊಲ, ಇವು ಪಂಜಾಬಿನ ರೈತರಿಗೆ ಹೊಸವಲ್ಲ. ಅವರು ಅಲ್ಲಿ ಬೇರೂರಿದರು. ಬೇರೂರಿದರೆಂಬ ಮಾತೂ ಪೂರ್ತಿ ನಿಜವಲ್ಲ. ಪೌರತ್ವಕ್ಕೆ ಅನರ್ಹರಾದವರು ಕೃಷಿಭೂಮಿಯನ್ನು ಕೊಳ್ಳಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯವು 1913ರಲ್ಲಿಯೇ ಶಾಸನ ಮಾಡಿತ್ತು. 1920ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿ ಗುತ್ತಿಗೆಯ ಬಾಗಿಲನ್ನೂ ಮುಚ್ಚಲಾಗಿತ್ತು. ಉಳುವವನು ಪಂಜಾಬಿ, ಕಾಗದದಲ್ಲಿ ಹೆಸರು ಮಾತ್ರ ಯಾರೋ ಬಿಳಿಯ ಸ್ನೇಹಿತನದು. ಆ ಸ್ನೇಹಿತನ ಮನಸ್ಸು ಕೆಟ್ಟರೆ ವರ್ಷದ ದುಡಿಮೆಯೆಲ್ಲ ಹೊಳೆಯ ಪಾಲು. ಹೀಗೆ ಪರರ ಹೆಸರಿನ ನೆರಳಿನಲ್ಲಿ ಸೌಂದರು ಬೇಸಾಯ ಮಾಡಿದರು.

1928ರಲ್ಲಿ ಅವರು ಚೆಕ್ ಮೂಲದ ಮನೆತನದ ಮೇರಿಯನ್ ಕೋಸಾ ಎಂಬ ವಿದ್ಯಾವಂತ ತರುಣಿಯನ್ನು ಮದುವೆಯಾದರು. ಪೌರತ್ವಕ್ಕೆ ಅನರ್ಹನಾದ ಪರದೇಶೀಯನನ್ನು ವರಿಸಿದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೂ ಕಳೆದುಕೊಳ್ಳಬೇಕೆಂಬ ಕಾನೂನು ಆಗ ಜಾರಿಯಲ್ಲಿತ್ತೆಂಬುದನ್ನು ನೆನೆದರೆ ಆಕೆಯ ಧೈರ್ಯವು ಎಷ್ಟೆಂಬುದು ತಿಳಿಯುತ್ತದೆ. ಮರುವರ್ಷವೇ ಜಗತ್ತಿನಲ್ಲೆಲ್ಲ ಆರ್ಥಿಕ ಮುಗ್ಗಟ್ಟು ತಲೆದೋರಿತು. ಬೆಳೆಗೆ ಬೆಲೆಯಿಲ್ಲವಾಯಿತು, ಸೌಂದರ ತಲೆಯ ಮೇಲೆ ಸಾಲದ ಹೊರೆ ಬಿದ್ದಿತು. ದಿವಾಳಿಯಾದೆನೆಂದು ನ್ಯಾಯಾಲಯದಲ್ಲಿ ಹೇಳಿಕೊಂಡು ಸಾಲದಿಂದ ಪಾರಾಗಲು ಕಾನೂನಿನಲ್ಲಿ ಅವಕಾಶವಿತ್ತು. ಕೆಲವರು ಹಾಗೆ ಮಾಡಿದರು ಕೂಡ. ಸೌಂದರು ಒಪ್ಪಲಿಲ್ಲ. ಹಲವು ವರ್ಷಗಳ ದುಡಿಮೆಯಿಂದ ಒಬ್ಬೊಬ್ಬರ ಸಾಲವನ್ನೂ ತೀರಿಸಿದರು. ಮುಂದೆ ಅವರು ಚುನಾವಣೆಗೆ ನಿಂತಾಗ ಅವರ ಪರವಾಗಿ ಮಾತನಾಡಲು ಕಣಿವೆಯಲ್ಲಿ ಜನರಿದ್ದುದಕ್ಕೆ ಈ ಸಾಲ ತೀರಿಸಿದ ಕಥೆಯೂ ಒಂದು ಕಾರಣವಾಗಿರಬೇಕು. ಹಳ್ಳಿಯ ಜನ ಪದವಿಗಳನ್ನು ಮರೆತಾರು, ಕೊಟ್ಟು ತೀರಿಸಿದ ಹಣವನ್ನು ಮರೆಯುವುದಿಲ್ಲ.

ಹಗಲು ಹೊಲದಲ್ಲಿ ದುಡಿದ ಈ ರೈತನು ಓದನ್ನು ಬಿಡಲಿಲ್ಲ, ಮಾತನ್ನೂ ಬಿಡಲಿಲ್ಲ. 1927ರಲ್ಲಿ ಕ್ಯಾಥರೀನ್ ಮೇಯೊ ಎಂಬ ಲೇಖಕಿಯು ಭಾರತದ ಸಮಾಜವನ್ನು ಹೀನಾಯವಾಗಿ ಚಿತ್ರಿಸಿ ‘ಮದರ್ ಇಂಡಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿದಳು. ಸ್ಟಾಕ್‌ಟನ್ನಿನ ಗುರುದ್ವಾರದವರ ಕೋರಿಕೆಯಂತೆ ಸೌಂದರು ‘ಮೈ ಮದರ್ ಇಂಡಿಯಾ’ ಎಂಬ ಉತ್ತರವನ್ನು ಬರೆದರು. ಅದು 1930ರಲ್ಲಿ ಅಚ್ಚಾಯಿತು. ಚರ್ಚುಗಳಲ್ಲಿ, ಸಂಘಸಂಸ್ಥೆಗಳಲ್ಲಿ ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣ ಮಾಡುವಂತೆ ಅವರಿಗೆ ಕರೆಗಳು ಬರುತ್ತಿದ್ದವು. ಮತದಾನದ ಹಕ್ಕಿಲ್ಲದಿದ್ದವನು ಮತದಾರರನ್ನು ಮಾತಿನಿಂದ ಗೆಲ್ಲುವ ಕಲೆಯನ್ನು ಕಲಿತದ್ದು ಹೀಗೆ.

1942ರಲ್ಲಿ ಇಂಡಿಯಾ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಸಂಸ್ಥೆಯು ಹುಟ್ಟಿತು. ಸೌಂದರು ಅದರ ಅಧ್ಯಕ್ಷರಾಗಿ ಊರೂರು ಸುತ್ತಿ, ಭಾರತೀಯ ರೈತರಿಂದ ಹಣವನ್ನು ಕೂಡಿಸಿ, ಪೌರತ್ವದ ಕಾನೂನನ್ನು ತಿದ್ದಿಸಲು ಹೆಣಗಿದರು. ಅಮೆರಿಕದ ಪೂರ್ವ ತೀರದಲ್ಲಿ ಜೆ. ಜೆ. ಸಿಂಗ್ ಮೊದಲಾದವರು ಇದೇ ಕಾರ್ಯದಲ್ಲಿ ತೊಡಗಿದ್ದರು. ಕಡೆಗೆ 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ನರು ಲೂಸ್–ಸೆಲ್ಲರ್ ಶಾಸನಕ್ಕೆ ಸಹಿ ಹಾಕಿದರು. ವರ್ಷಕ್ಕೆ ನೂರು ಮಂದಿ ಭಾರತೀಯರು ಮಾತ್ರ ವಲಸೆ ಬರಬಹುದೆಂದು ಅದರಲ್ಲಿ ಮಿತಿಯಿತ್ತು. ನೂರು! ಕೋಟ್ಯಂತರ ಜನರಿರುವ ನಾಡಿಗೆ ಅದು ಸಾಸಿವೆಯ ಕಾಳಿನಷ್ಟು. ಆದರೆ ಅಲ್ಲಿಯೇ ನೆಲೆಸಿದ್ದವರಿಗೆ ಪೌರತ್ವದ ಬಾಗಿಲು ತೆರೆದದ್ದೇ ದೊಡ್ಡ ಲಾಭ. 1949ರ ಡಿಸೆಂಬರ್ 16ರಂದು ಸೌಂದರು ಅಮೆರಿಕದ ಪೌರರಾದರು. ಆ ದೇಶದ ನೆಲವನ್ನು ಮೆಟ್ಟಿ ಇಪ್ಪತ್ತೊಂಬತ್ತು ವರ್ಷಗಳು ಕಳೆದಿದ್ದವು. ಅವರ ವಯಸ್ಸು ಐವತ್ತು.

ಮರುವರ್ಷ ಅವರು ವೆಸ್ಟ್‌ಮೋರ್‌ಲ್ಯಾಂಡ್ ಎಂಬ ಸಣ್ಣ ಊರಿನ ನ್ಯಾಯಾಧೀಶರ ಸ್ಥಾನಕ್ಕೆ ನಿಂತು ಗೆದ್ದರು. ಅಲ್ಲಿ ಆ ಸ್ಥಾನವನ್ನು ಆಗ ಜನರೇ ಮತದಿಂದ ತುಂಬುತ್ತಿದ್ದರು. ಆದರೆ ಚುನಾವಣೆಯ ದಿನಕ್ಕೆ ಅವರು ಪೌರರಾಗಿ ಒಂದು ವರ್ಷವೂ ತುಂಬಿರಲಿಲ್ಲವೆಂಬ ಕಾರಣದಿಂದ ಅಧಿಕಾರಿಗಳು ಸ್ಥಾನವನ್ನು ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತರು. ಆಗ ನಡೆದ ಒಂದು ಪ್ರಸಂಗವನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸೌಂದರು ಪೇಟವನ್ನು ಎಂದೋ ಬಿಟ್ಟಿದ್ದರು. ಜನರ ಕಣ್ಣಿನಲ್ಲಿ ಮಾತ್ರ ಅದು ಅವರ ತಲೆಯ ಮೇಲೆಯೇ ಇತ್ತು. ಊರಿನವನೊಬ್ಬನು ಹತ್ತು ಜನರೆದುರಿಗೆ ಅವರನ್ನು ತಡೆದು, ನೀವು ಗೆದ್ದರೆ ನಿಮ್ಮ ನ್ಯಾಯಾಲಯಕ್ಕೆ ಬರಲು ನಮಗೆ ಪೇಟಗಳನ್ನು ನೀವೇ ಕೊಡುವಿರೋ, ನಾವೇ ಕೊಂಡು ತರಬೇಕೋ ಎಂದು ಕೇಳಿದನು. ಸೌಂದರು ಸಿಟ್ಟಾಗಲಿಲ್ಲ. ತಲೆಯ ಮೇಲೆ ಏನಿದೆಯೆಂಬ ಚಿಂತೆ ತಮಗಿಲ್ಲ, ತಲೆಯೊಳಗೆ ಏನಿದೆಯೆಂಬುದಷ್ಟೇ ತಮಗೆ ಮುಖ್ಯವೆಂಬ ಅರ್ಥದ ಉತ್ತರವನ್ನು ನಗುನಗುತ್ತ ಕೊಟ್ಟರು. ಆ ಬಾರಿ ಸ್ಥಾನವು ಅವರಿಗೆ ದಕ್ಕಿತು.

1956ರಲ್ಲಿ ಅವರು ಡೆಮೊಕ್ರಾಟಿಕ್ ಪಕ್ಷದಿಂದ ಕಾಂಗ್ರೆಸ್ಸಿನ ಚುನಾವಣೆಗೆ ನಿಂತರು. ಕಾಂಗ್ರೆಸ್ ಎಂದರೆ ಇಲ್ಲಿ ರಾಜಕೀಯ ಪಕ್ಷವಲ್ಲ. ಅಮೆರಿಕದಲ್ಲಿ ಅದು ಪಾರ್ಲಿಮೆಂಟಿನ ಹೆಸರು. ಅದರ ಪ್ರತಿನಿಧಿ ಸಭೆಯ ಸದಸ್ಯನು ಏಳು ವರ್ಷಗಳಾದರೂ ಪೌರನಾಗಿರಬೇಕೆಂಬುದು ಸಂವಿಧಾನದ ನಿಯಮ. ಸ್ವಪಕ್ಷದ ಪ್ರತಿಸ್ಪರ್ಧಿಯೊಬ್ಬರು ಇದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದರು, ವಾದವು ನಿಲ್ಲಲಿಲ್ಲ. ಸೌಂದರಿಗೆ ಏಳು ವರ್ಷ ತುಂಬಿದ್ದು 1956ರ ಡಿಸೆಂಬರಿನಲ್ಲಿ. ಹೊಸ ಸಭೆ ಸೇರುವುದು 1957ರ ಜನವರಿ 3ರಂದು. ಅವರಿಗಿದ್ದ ಅಂತರ ಕೇವಲ ಹದಿನೆಂಟು ದಿನ!

ಎದುರಾಳಿ ಸಾಮಾನ್ಯಳಲ್ಲ. ಜಾಕ್ವೆಲಿನ್ ಕಾಕ್ರನ್ ಓಡ್ಲಂ 1953ರಲ್ಲಿ ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆಯೆಂದು ಲೋಕಪ್ರಸಿದ್ಧಳಾದವಳು, ಮಹಾಧನಿಕನ ಮಡದಿ. ರಿವರ್‌ಸೈಡ್, ಇಂಪೀರಿಯಲ್ ಎಂಬ ಎರಡು ವಿಶಾಲವಾದ ಜಿಲ್ಲೆಗಳ ಆ ಮತಕ್ಷೇತ್ರದಲ್ಲಿ ಆಕೆ ತನ್ನ ವಿಮಾನವನ್ನು ತಾನೇ ನಡೆಸಿಕೊಂಡು ಪ್ರಚಾರ ಮಾಡಿದಳು. ಸೌಂದರು ಹೆಂಡತಿ ಮಕ್ಕಳೊಡನೆ ಮನೆಮನೆಯ ಬಾಗಿಲನ್ನು ತಟ್ಟಿದರು. ಆಕೆಯ ರಿಪಬ್ಲಿಕನ್ ಪಕ್ಷದ ಐಸೆನ್‌ಹೋವರ್ ಆ ವರ್ಷ ಅಧ್ಯಕ್ಷಪದವಿಯನ್ನು ಭಾರಿ ಬಹುಮತದಿಂದ ಗೆದ್ದರು. ಆದರೂ ಈ ಕ್ಷೇತ್ರದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದವರು ಸೌಂದ್. ಏಷ್ಯದ ಮೂಲದವರೊಬ್ಬರು ಕಾಂಗ್ರೆಸ್ಸಿನಲ್ಲಿ ಮತದಾನದ ಹಕ್ಕುಳ್ಳ ಸದಸ್ಯರಾಗಿ ಕುಳಿತದ್ದು ಅದೇ ಮೊದಲು. ಭಾರತದಿಂದ ವಲಸೆ ಹೋದ ಇನ್ನೊಬ್ಬರು ಆ ಸಭೆಯನ್ನು ಪ್ರವೇಶಿಸಲು 2017ರವರೆಗೆ ಕಾಯಬೇಕಾಯಿತು. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರು 2023ರಲ್ಲಿ ಅಲ್ಲಿಗೆ ಕಾಲಿಟ್ಟರು.

1957ರ ಕೊನೆಯಲ್ಲಿ ಸೌಂದರು ಏಷ್ಯದ ದೇಶಗಳಲ್ಲಿ ಪ್ರವಾಸ ಮಾಡಿ ಭಾರತಕ್ಕೆ ಬಂದರು, ದೆಹಲಿಯಲ್ಲಿ ಪಾರ್ಲಿಮೆಂಟಿನ ಸದಸ್ಯರನ್ನುದ್ದೇಶಿಸಿ ಮಾತನಾಡಿದರು, ಛಜ್ಜಲವಾಡಿಯನ್ನು ಕಂಡರು. ಅಮೆರಿಕದ ಪ್ರಜಾಪ್ರಭುತ್ವಕ್ಕೆ ತಾವೇ ಜೀವಂತ ಸಾಕ್ಷಿಯೆಂದು ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. ಆ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿಟ್ಲ್ ರಾಕ್ ನಗರದಲ್ಲಿ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಶಾಲೆಯೊಳಕ್ಕೆ ಕರೆದೊಯ್ಯಲು ಸೈನ್ಯವೇ ಬರಬೇಕಾಗಿತ್ತು. ಸೌಂದರಿಗೆ ಇದು ತಿಳಿಯದ್ದಲ್ಲ. ಕರಿಯರ ಮತದಾನದ ಹಕ್ಕನ್ನು ಕಾಪಾಡುವ ಶಾಸನವನ್ನು ಅವರು ಆ ವರ್ಷ ಬೆಂಬಲಿಸಿದ್ದರು. ಒಂದು ದೇಶವು ತನಗೆ ಮಾಡಿದ ಅನ್ಯಾಯವನ್ನು ಅವರು ಮರೆತರೆನ್ನುವುದಕ್ಕಿಂತ, ಆ ಅನ್ಯಾಯವನ್ನು ಆ ದೇಶದ ಸಂವಿಧಾನದಿಂದಲೇ ತಿದ್ದಿಸಿದೆನೆಂಬ ಹೆಮ್ಮೆ ಅವರಲ್ಲಿತ್ತೆನ್ನುವುದು ಹೆಚ್ಚು ಸರಿ.

1958ರಲ್ಲಿಯೂ 1960ರಲ್ಲಿಯೂ ಜನ ಅವರನ್ನು ಮತ್ತೆ ಆರಿಸಿ ಕಳುಹಿಸಿದರು. 1962ರ ಮೇ ತಿಂಗಳಿನಲ್ಲಿ ವಾಷಿಂಗ್‌ಟನ್ನಿಗೆ ವಿಮಾನದಲ್ಲಿ ಹೋಗುತ್ತಿದ್ದಾಗ ಅವರಿಗೆ ಪಾರ್ಶ್ವವಾಯು ಬಡಿಯಿತು. ಕಾಲಿನ ಶಕ್ತಿ ಕುಂದಿತು. ಅದಕ್ಕಿಂತ ಮಿಗಿಲಾಗಿ ಮಾತು ನಿಂತಿತು. ಆಸ್ಪತ್ರೆಯಲ್ಲಿ ಮಲಗಿದ್ದವರನ್ನೇ ಪಕ್ಷವು ಅಭ್ಯರ್ಥಿಯನ್ನಾಗಿ ಉಳಿಸಿಕೊಂಡಿತು. ಆದರೆ ಮನೆಮನೆಗೆ ಹೋಗಿ ಮಾತನಾಡಿಯೇ ಗೆಲ್ಲುತ್ತಿದ್ದವರು ಈ ಬಾರಿ ಮನೆಯಿಂದ ಹೊರಡುವಂತಿರಲಿಲ್ಲ. ನವೆಂಬರಿನ ಚುನಾವಣೆಯಲ್ಲಿ ಅವರು ಸೋತರು. ಅನಂತರ ಹತ್ತು ವರ್ಷಗಳಿಗೂ ಮೇಲ್ಪಟ್ಟು ಬದುಕಿದ್ದು, 1973ರ ಏಪ್ರಿಲ್ 22ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.