ಅಗತ್ಯ ಬೇರೆ, ಪರಿಹಾರ ಬೇರೆ

ನನ್ನಲ್ಲಿ ಓದಿದ ಮಕ್ಕಳಲ್ಲಿ ಕೆಲವರು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ 'ಬಿಸಿನೆಸ್ ಅನಲಿಸ್ಟ್' ಎಂಬ ಹುದ್ದೆಯಲ್ಲಿದ್ದಾರೆ. ವ್ಯಾಪಾರವೆಂದರೆ ಕೊಳ್ಳುವುದು, ಮಾರುವುದು ಎಂದಷ್ಟೇ ತಿಳಿದ ನಮ್ಮ ತಲೆಮಾರಿಗೆ ಇದು ಹೊಸ ವಿದ್ಯೆ. ಈಚೆಗೆ ಅದನ್ನು ಕಲಿಯಲು ತೊಡಗಿರುವ ಶಿಷ್ಯೆಯೊಬ್ಬಳು ತನ್ನ ಟಿಪ್ಪಣಿಗಳನ್ನು ಕಳುಹಿಸಿ, "ಸರ್, ಇದನ್ನು ನಮ್ಮ ಊರಿನ ಮಾತಿನಲ್ಲಿ ಹೇಳಿಕೊಡಿ" ಎಂದು ಕೇಳಿದಳು. ಓದುತ್ತಾ ಹೋದಂತೆ ನಾನೂ ವಿದ್ಯಾರ್ಥಿಯಾದೆ.

ಈ ವಿದ್ಯೆಯ ತಳಹದಿ ಆರು ಪದಗಳು: ಬದಲಾವಣೆ, ಅಗತ್ಯ, ಪರಿಹಾರ, ಸಂಬಂಧಪಟ್ಟವರು, ಮೌಲ್ಯ, ಸಂದರ್ಭ. ಇವುಗಳಲ್ಲಿ ಅಗತ್ಯವನ್ನೂ ಪರಿಹಾರವನ್ನೂ ಬೇರ್ಪಡಿಸಿ ನೋಡುವುದೇ ಮೊದಲ ಪಾಠ. ಇದಕ್ಕೆ ನಮ್ಮ ತುಂಗಭದ್ರಾ ಅಣೆಕಟ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯವಾದರೋ ತುಂಬಿತ್ತು. ಹೊಸ ಗೇಟು ಕೂರಿಸಬೇಕೆಂದರೆ ನೀರಿನ ಮಟ್ಟ ಬಹಳ ಇಳಿಯಬೇಕು. ಅಂದರೆ ಅರ್ಧಕ್ಕಿಂತ ಹೆಚ್ಚು ನೀರನ್ನು ನದಿಗೆ ಬಿಡಬೇಕು. ಆದರೆ ರೈತನಿಗೆ ಬೇಕಾದದ್ದು ಗೇಟಲ್ಲ, ನೀರು. ಗೇಟು ಪರಿಹಾರ, ನೀರು ಅಗತ್ಯ. ನೀರನ್ನೆಲ್ಲ ಖಾಲಿ ಮಾಡಿ ಗೇಟು ಕೂರಿಸಿದರೆ ಕಾಯಲು ಉಳಿಯುವುದಾದರೂ ಏನು? ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಮುಂದೆ ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು.

ಇನ್ನು ಸಂಬಂಧಪಟ್ಟವರು ಯಾರು? ಕರ್ನಾಟಕ, ಆಂಧ್ರ, ತೆಲಂಗಾಣ ಸರ್ಕಾರಗಳು, ತುಂಗಭದ್ರಾ ಮಂಡಳಿ ಎಂದು ಕಡತ ಹೇಳೀತು. ಕಂಪ್ಲಿಯ ಭತ್ತ, ಕಬ್ಬಿನ ಬೆಳೆಗಾರರನ್ನೂ ಸೇರಿಸೀತು. ಆದರೆ ನೀರು ಬಿಟ್ಟಾಗ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ. ಹರಿಗೋಲು ಹಾಕುವವನ ದುಡಿಮೆ ನಿಲ್ಲುತ್ತದೆ. ಗೇಟುಗಳನ್ನೆಲ್ಲ ಬದಲಿಸುವ ಸಲುವಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಕೊಡದಿರಲು ನಿರ್ಧರಿಸಿದಾಗ, ಜಮೀನಿದ್ದವರು ಪರಿಹಾರವನ್ನಾದರೂ ಕೇಳಬಹುದಿತ್ತು; ನಾಟಿ ಮಾಡುವ ಕೂಲಿ ಹೆಣ್ಣುಮಕ್ಕಳು ಯಾವ ಪಹಣಿ ತೋರಿಸಿ ಕೇಳಬೇಕು? ಗೇಟು ಬದಲಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಲೆಕ್ಕ ಹಾಕುವಾಗ ಅವರ ಹೆಸರೂ ಹಾಳೆಯ ಮೇಲಿರಬೇಕು ಎಂಬುದಷ್ಟೇ ನನ್ನ ಮಾತು.

ಸಂದರ್ಭವೆಂಬ ಪದಕ್ಕೆ ಅರ್ಥ ಹೇಳಲು ಸಂಡೂರು ಸಾಕು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಾಲ ಮಾಡಿ ಲಾರಿ ಕೊಂಡವರು ಅನೇಕರು. ಬಾಡಿಗೆ ಎಷ್ಟು, ಕಂತು ಎಷ್ಟು ಎಂಬ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗಣಿ ಎಂದೆಂದಿಗೂ ನಡೆಯುತ್ತದೆ ಎಂಬ ಬರೆಯದ ಸಾಲೊಂದು ಅದರಲ್ಲಿ ಅಡಗಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ.

ಆದ್ದರಿಂದ ಮಗಳೇ, ಯಾರಾದರೂ ನಿನ್ನ ಬಳಿ ಬಂದು "ಇಂಥದ್ದು ಬೇಕು" ಎಂದರೆ, "ಯಾತಕ್ಕೆ ಬೇಕು?" ಎಂದು ವಿನಯದಿಂದ ಕೇಳು. ಬರೆಯದೆ ಬಿಟ್ಟ ನಂಬಿಕೆಗಳನ್ನು ಬರೆದಿಡು. ಕೊನೆಗೆ ಪಟ್ಟಿ ಮುಗಿಯಿತೆನ್ನಿಸಿದಾಗ, ಸಭೆಗೆ ಯಾರೂ ಕರೆಯದೆ ಉಳಿದವರು ಯಾರೆಂದು ಇನ್ನೊಮ್ಮೆ ಯೋಚಿಸು. ಕಂಪ್ಯೂಟರಿನ ತಂತ್ರಗಳನ್ನು ನಿನ್ನ ಕಚೇರಿ ಕಲಿಸುತ್ತದೆ. ಈ ಯೋಚನೆಯನ್ನು ನೀನೇ ರೂಢಿಸಿಕೊಳ್ಳಬೇಕು.