ಸೇಂಟ್ ಆಂಡ್ರೂಸ್‌ಗೆ ಅಪ್ಪನ ಸೆವೆನ್ ಐರನ್

ಅಪ್ಪ ಬೆಂಗಳೂರಲ್ಲಿ ಕ್ಯಾಡಿಯಾಗಿದ್ದವರು. ಈಗ ಮಂಡಿನೋವು, ಸೇಂಟ್ ಆಂಡ್ರೂಸ್ ನೋಡೋ ಆಸೆ ಮಾತ್ರ ಹೋಗಿಲ್ಲ. ಹಾಗಾಗಿ ಸ್ಕಾಟ್ಲೆಂಡಿಗೆ ಕೆಲಸಕ್ಕೆ ಬರುವಾಗ ಅವರ ಹಳೇ ಸೆವೆನ್ ಐರನ್ ಜೊತೆಗೆ ತಂದೆ. ಶಾಫ್ಟ್ ತುಕ್ಕು ಹಿಡಿದು ಬಾಗಿತ್ತು. ಅಂಗಡಿಯವನು "ಹೊಸ ಕ್ಲಬ್ಬೇ ತಗೊಳ್ಳಿ" ಅಂದ.

ಆಗಲ್ಲ ಅಂತ ಶುಕ್ರವಾರ ರಾತ್ರಿ ನಾನೇ ಕೂತೆ. ಹೀಟ್ ಗನ್ ಹಿಡಿದು ಕ್ಲಬ್ಬಿನ ಕುತ್ತಿಗೆ ಬಿಸಿ ಮಾಡಿದರೆ ಒಳಗಿನ ಎಪಾಕ್ಸಿ ಅಂಟು ಮೆತ್ತಗಾಗುತ್ತೆ. ಉಕ್ಕಿನದ್ದಾದ್ದರಿಂದ ತಿರುಚಿ ಎಳೆದೆ. ಗ್ರಾಫೈಟ್ ಆಗಿದ್ದರೆ ತಿರುಚದೆ ನೇರವಾಗಿ ಎಳೀಬೇಕು, ಇಲ್ಲದಿದ್ದರೆ ಸೀಳಿಹೋಗುತ್ತೆ. ತುದಿಯ ಅಳತೆ 0.355 ಇಂಚೋ 0.370 ಇಂಚೋ ನೋಡದೆ ಮೊದಲು ತಪ್ಪು ಶಾಫ್ಟ್ ತರಿಸಿ ದುಡ್ಡು ಕಳ್ಕೊಂಡಿದ್ದೆ, ಅದು ಬೇರೆ ಕಥೆ. ತೂತು ಉಜ್ಜಿ, ಹೊಸ ತುದಿಗೆ ಮರಳು ಕಾಗದ ತಿಕ್ಕಿ, ಫೆರೂಲ್ ಏರಿಸಿ, ಎಪಾಕ್ಸಿ ಹಚ್ಚಿ ಕೂರಿಸಿದೆ. ಒಣಗಲು 24 ಗಂಟೆ ಬಿಟ್ಟೆ.

ಭಾನುವಾರ ಹೋದರೆ ಓಲ್ಡ್ ಕೋರ್ಸ್‌ನಲ್ಲಿ ಆಟವೇ ಇಲ್ಲ! ಅವತ್ತು ಊರಿನವರು ನಾಯಿ ಹಿಡಿದು ಅಡ್ಡಾಡ್ತಾರೆ. ನಾನೂ ಕ್ಲಬ್ ಊರುತ್ತಾ ಸ್ವಿಲ್ಕನ್ ಸೇತುವೆ ಹತ್ತಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

ಸುಮಾರು ಹೊತ್ತು ನೋಡಿದರು.

"ಲೋ, ಕೋಲು ಊರಬೇಡ ಕಣೋ, ಹುಲ್ಲು ಹಾಳಾಗುತ್ತೆ" ಅಂದ್ರು.