ಮುಗಿಲು ನೋಡುವ ವಿಮಾನ

ನಮ್ಮ ಕಡೆಯ ಹಳೆಯ ಪೇಂಟರ್ ಯಾರಿಗಾದರೂ ಒಂದು ವಿಮಾನ ಬರೆದುಕೊಡಿ ಅನ್ನಿ. ಅವರ ಕುಂಚದಿಂದ ಇವತ್ತಿನ ಜೆಟ್ ಮೂಡುವುದಿಲ್ಲ. ಮುಂದೆ ಎರಡು ದಪ್ಪ ಗಾಲಿ, ಹಿಂದೆ ಬಾಲದ ಬುಡದಲ್ಲಿ ಒಂದು ಪುಟ್ಟ ಗಾಲಿ, ಮೂಗಿನ ತುದಿಗೆ ಪಂಖ, ಮೈಗೆ ಅಚ್ಚ ಹಳದಿ ಇಲ್ಲವೆ ಕೆಂಪು ಬಣ್ಣ. ನಮ್ಮ ವಿಜಯಪುರದಲ್ಲಿ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಫೋಟೊ ಅಂಗಡಿಗಳಲ್ಲಿ ನಾನು ಕಂಡದ್ದೂ ಇಂಥದ್ದನ್ನೇ. ಹಲಗೆಯ ಮೇಲೆ ಬರೆದು ಕತ್ತರಿಸಿದ ವಿಮಾನದ ಹಿಂದೆ ನಿಂತು ಕಿಟಕಿಯಿಂದ ಮುಖ ತೋರಿಸಿದರೆ, ನಾವೂ ಹಾರಿಬಂದ ಹಾಗೆ ಒಂದು ಫೋಟೊ ಕೈಗೆ ಬರುತ್ತಿತ್ತು. ಹೊಲ ಬಿಟ್ಟು ಬೇರೆ ಊರು ನೋಡದ ಎಷ್ಟೋ ಗಂಡಹೆಂಡಿರು ಹಾಗೆ ಒಮ್ಮೆ ಮುಗಿಲಿಗೇರಿ ಬಂದಿದ್ದಾರೆ.

ಸ್ಟೇಷನ್ ರಸ್ತೆಯಲ್ಲಿ ಬೋರ್ಡು ಬರೆಯುತ್ತಿದ್ದ ಹಿರಿಯರೊಬ್ಬರಿದ್ದರು, ನಮಗೆಲ್ಲ ಪೇಂಟರ್ ಕಾಕಾ. ಗೋಳಗುಮ್ಮಟ ನೋಡಲು ಬಂದವರನ್ನು ಕೂರಿಸಿಕೊಂಡು ಟಾಂಗಾಗಳು ಹಾಯುವ ಆ ರಸ್ತೆಯ ಬದಿಯಲ್ಲೇ ಅವರು ಫೋಟೊ ಸ್ಟುಡಿಯೋದ ಪರದೆಯನ್ನೂ ಬರೆಯುತ್ತಿದ್ದರು. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು, ಅಂಟು ಕಲಸಿದ ಬಿಳಿ ಬಣ್ಣದ ಒಂದು ಕೈ ಎಳೆದು, ಅದು ಒಣಗಿ ಗಟ್ಟಿಯಾಗುವ ತನಕ ಕಾಯುತ್ತಿದ್ದರು. ಆಮೇಲೆ ಬಣ್ಣದ ಪುಡಿ ಸವರಿದ ದಾರ ಹಿಡಿದು ಪರದೆಯ ಮೇಲೆ ಓರೆಯಾಗಿ ಒಂದು ಗೆರೆ ಚಿಮ್ಮಿಸುತ್ತಿದ್ದರು. ಇಡೀ ವಿಮಾನ ಆ ಓರೆ ಗೆರೆಯ ಮೇಲೆ ಬೆಳೆಯುತ್ತಿತ್ತು.

“ಕಾಕಾ, ವಿಮಾನ ನೆಲದ ಮ್ಯಾಲ ನಿಂತೈತಿ. ಮತ್ಯಾಕ ಡೊಂಕ ಬರೀತೀರಿ?” ಅಂತ ನಾನು ಕೇಳಿದ್ದೆ.

“ಡೊಂಕಲ್ಲೋ ತಮ್ಮಾ, ಅದು ಮುಗಿಲ ನೋಡಾಕತ್ತೈತಿ. ಸಪಾಟ ಬರದ್ರ ಅದು ಬಸ್ ಆಕ್ಕೈತಿ” ಅಂದರು.

ಹಳೆಯ ವಿಮಾನಗಳ ಬಗ್ಗೆ ನಾನು ಆಮೇಲೆ ಓದಿ ತಿಳಿದದ್ದೆಲ್ಲ ಕಾಕಾನ ಆ ಮಾತನ್ನೇ ಗಟ್ಟಿ ಮಾಡಿದೆ. ಬಾಲಕ್ಕೆ ಗಾಲಿಯಿರುವ ವಿಮಾನದಲ್ಲಿ ಮುಂದಿನ ಎರಡು ಗಾಲಿಗಳು ಭಾರಕೇಂದ್ರಕ್ಕಿಂತ ಮುಂದೆ ಇರುತ್ತವೆ. ಆದ್ದರಿಂದ ಬಾಲ ನೆಲಕ್ಕೆ ಕೂರುತ್ತದೆ, ಮೂಗು ಮೇಲೇಳುತ್ತದೆ. ಪಂಖಕ್ಕೂ ನೆಲಕ್ಕೂ ನಡುವೆ ಬೇಕಾದಷ್ಟು ಅಂತರ ಸಿಗುವುದರಿಂದ ಹುಲ್ಲು, ಹೆಂಟೆ, ಕಲ್ಲು ಇರುವ ಬಯಲಿನಲ್ಲೂ ಇಳಿಯಬಹುದು. ಡಾಂಬರು, ಕಾಂಕ್ರೀಟಿನ ರನ್‌ವೇ ಇಲ್ಲದ ಕಾಲಕ್ಕೆ ಅದೇ ತಕ್ಕ ರಚನೆ. ನೋಡಲು ಚೆಂದವಿರಲಿ ಅಂತ ಯಾರೂ ಆ ಓರೆಯನ್ನು ತಂದದ್ದಲ್ಲ; ಬಯಲು ಕೇಳಿದ್ದನ್ನು ಕೊಟ್ಟರು, ಚೆಂದ ತಾನಾಗಿ ಬಂತು.

ಈ ಚೆಂದಕ್ಕೆ ಪೈಲಟ್ ಬೆಲೆ ತೆರಬೇಕು. ಮೂಗು ಅಡ್ಡ ಬರುವುದರಿಂದ ನೆಲದ ಮೇಲೆ ಓಡುವಾಗ ಎದುರಿನ ದಾರಿ ಕಾಣುವುದಿಲ್ಲ. ಹಾವಿನ ನಡೆಯಲ್ಲಿ ಅತ್ತಿತ್ತ ಹೊರಳಿಸುತ್ತ, ಪಕ್ಕದಿಂದ ಇಣುಕಿ ನೋಡುತ್ತ ಸಾಗಬೇಕು. ಓಟ ಬಿರುಸಾದಾಗ ಮೊದಲು ಏಳುವುದು ಬಾಲ. ಆಗ ಮೂಗು ತಗ್ಗಿ ಮುಂದಿನ ಬಯಲು ಒಮ್ಮೆಗೇ ತೆರೆದುಕೊಳ್ಳುತ್ತದೆ. ಇಳಿಯುವುದು ಇನ್ನೂ ಕಠಿಣ. ಭಾರ ಗಾಲಿಗಳ ಹಿಂದೆ ಇರುವುದರಿಂದ, ಕೊಂಚ ಓರೆಯಾಗಿ ನೆಲ ಮುಟ್ಟಿದರೂ ಹಿಂಭಾಗ ಮುಂದಕ್ಕೆ ನುಗ್ಗಿ ವಿಮಾನವನ್ನು ಗಿರ್ರನೆ ತಿರುಗಿಸಿಬಿಡುತ್ತದೆ. ಹಾಗಾಗಿ ಗಾಲಿ ಪೂರ್ತಿ ನಿಲ್ಲುವ ತನಕ ಪೈಲಟ್ಟಿನ ಎರಡೂ ಪಾದ ಚುಕ್ಕಾಣಿಯ ಪೆಡಲ್ ಮೇಲೆ ಎಚ್ಚರವಾಗಿರಬೇಕು. ಎರಡನೆಯ ಮಹಾಯುದ್ಧದ ನಂತರ ಮೂಗಿನ ಕೆಳಗೆ ಗಾಲಿಯಿರುವ ವಿಮಾನಗಳು ಹೆಚ್ಚಿ ಈ ಕಷ್ಟ ಕಡಿಮೆಯಾಯಿತು. ಆದರೂ ಹಳೆಯದನ್ನು ಹಾರಿಸುವವರು ಅದನ್ನು ಬಿಟ್ಟಿಲ್ಲ. ಕೊನೆಯ ಗಳಿಗೆಯ ತನಕ ಮನುಷ್ಯನ ಪೂರ್ಣ ಗಮನ ಬೇಡುವ ಯಂತ್ರದ ಮೇಲೆ ಪ್ರೀತಿ ಹುಟ್ಟುವುದು ಸಹಜ.

ಈ ಕಥೆಗೆ ನಮ್ಮ ಸೀಮೆಯ ನಂಟೂ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬೈಗೆ ಟಪಾಲು ತಂದರು. ಅವರು ಹಾರಿಸಿದ್ದು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನ, ಬಾಲ ನೆಲಕ್ಕೂರಿ ಕೂರುವ ಜಾತಿಯದು. ಮುಂಬೈಯಿಂದ ಮುಂದೆ ಆ ಟಪಾಲನ್ನು ಪೈಲಟ್ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಏರ್ ಇಂಡಿಯಾದ ಮೂಲ ಈ ಟಪಾಲು ಹಾರಾಟ. ಅದರ ಆರಂಭದಲ್ಲೇ ಕನ್ನಡ ನಾಡಿನ ಒಂದು ಊರಿದೆ. ನಕ್ಷೆಯ ಮೇಲೆ ಮುಂಬೈಗೂ ಬಳ್ಳಾರಿಗೂ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ನಮ್ಮ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳ ಪಡುವಣ ದಿಕ್ಕಿನ ಹೊಲಗಳ ಮೇಲೆ ಹಾಯುತ್ತದೆ. ಅಕ್ಟೋಬರ್ ಅಂದರೆ ಇಲ್ಲಿ ಹಿಂಗಾರಿ ಜೋಳದ ಬಿತ್ತನೆಯ ಕಾಲ. ಕೂರಿಗೆ ಹಿಡಿದ ಯಾರಾದರೂ ಆ ಸದ್ದಿಗೆ ಎತ್ತು ನಿಲ್ಲಿಸಿ ತಲೆಯೆತ್ತಿರಬಹುದು ಅನ್ನುವ ಊಹೆಯೇ ನನಗೆ ಹಿತ ಕೊಡುತ್ತದೆ. ಐವತ್ತು ವರ್ಷ ತುಂಬಿದ 1982ರಲ್ಲಿ, 78ರ ವಯಸ್ಸಿನ ಟಾಟಾ ಲೆಪರ್ಡ್ ಮಾತ್ ಎಂಬ ಅಂಥದೇ ಹಳೆಯ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಮತ್ತೆ ಹಾರಿದರು. ಅಷ್ಟು ಹೊತ್ತಿಗೆ ಅವರ ಮುಂದೆ ಜಂಬೋ ಜೆಟ್‌ಗಳೇ ಸಾಲುಗಟ್ಟಿದ್ದವು. ಅವರು ಆರಿಸಿದ್ದು ಪುಟ್ಟ ವಿಮಾನವನ್ನು.

ನಮ್ಮವರೇ ಕಟ್ಟಿದ ಆರಂಭದ ವಿಮಾನಗಳೂ ಬಾಲ ನೆಲಕ್ಕೂರುವ ಇದೇ ವಂಶದವು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ತಯಾರಾದ ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ. ಜರ್ಮನಿಯಲ್ಲಿ ವಿಜ್ಞಾನಿ ಪ್ರಾಂಟ್ಲ್ ಅವರ ಕೈಕೆಳಗೆ ಕಲಿತು ಬಂದ ಘಾಟಗೆ ಮೊದಲು ಕೊಟ್ಟದ್ದು ಯುದ್ಧವಿಮಾನವನ್ನಲ್ಲ, ಕಲಿಯುವವರ ವಿಮಾನವನ್ನು. ಬೀದರಿನ ವಾಯುಪಡೆ ಶಾಲೆಯಲ್ಲಿ ಎಷ್ಟೋ ತರುಣರು ಅದರಲ್ಲೇ ಹಾರಾಟದ ಓನಾಮ ಕಲಿತರು. 1958ರಲ್ಲಿ ಬಂದ ಪುಷ್ಪಕ್ ಅದಕ್ಕಿಂತ ಸರಳ: ಇಬ್ಬರು ಅಕ್ಕಪಕ್ಕ ಕೂರುವ, ರೆಕ್ಕೆ ನೆತ್ತಿಯ ಮೇಲಿರುವ, 90 ಅಶ್ವಶಕ್ತಿಯ ಎಂಜಿನ್ನಿನ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಇದು ಮನೆಮಗಳಾಯಿತು.

ಪುಷ್ಪಕ್ ಕಟ್ಟುವ ಬಗೆ ಓದಿದಾಗ ನನಗೆ ಪೇಂಟರ್ ಕಾಕಾ ನೆನಪಾದರು. ಚೌಕಟ್ಟು ಕಟ್ಟಬೇಕು, ಅದಕ್ಕೆ ಬಟ್ಟೆ ಹೊದಿಸಿ ಬಿಗಿಯಬೇಕು, ಡೋಪ್ ಎಂಬ ದ್ರವವನ್ನು ಕೈ ಮೇಲೆ ಕೈ ಬಳಿಯಬೇಕು, ಅದು ಒಣಗುತ್ತ ಬಟ್ಟೆಯನ್ನು ಸೆಳೆದು, ಬೆರಳು ಬಡಿದರೆ ಟಣ್ ಅನ್ನುವಷ್ಟು ಬಿಗಿ ಮಾಡುತ್ತದೆ. ಬಣ್ಣ ಹಚ್ಚುವುದು ಆಮೇಲೆ. ಸ್ಟುಡಿಯೋದ ಪರದೆಯನ್ನು ಅವರು ಸಿದ್ಧ ಮಾಡುತ್ತಿದ್ದ ಕ್ರಮವೂ ಇದೇ ಅಲ್ಲವೇ? ಒಂದು ಗಾಳಿಯನ್ನು ಹೊತ್ತಿತು, ಇನ್ನೊಂದು ಜನರ ಆಸೆಯನ್ನು ಹೊತ್ತಿತು. ಎರಡರಲ್ಲೂ ದುಡಿದದ್ದು ಬಟ್ಟೆ, ಕಟ್ಟು, ಕೈ. ಹಳೆಯ ವಿಮಾನವೂ ಅದರ ಚಿತ್ರವೂ ನಮ್ಮನ್ನು ಹಿಡಿದು ನಿಲ್ಲಿಸುವುದು ಇದಕ್ಕೇ: ಹೇಗೆ ಮಾಡಿದರು ಅನ್ನುವುದು ಕಣ್ಣಿಗೆ ಕಾಣುತ್ತದೆ, ನಾನೂ ಮಾಡಬಲ್ಲೆ ಅನ್ನುವ ಧೈರ್ಯ ಹುಟ್ಟುತ್ತದೆ.

ತನ್ನ ಕಾಲದ ವೇಗವನ್ನು ಗೋಡೆಯ ಮೇಲೆ ಬರೆದಿಡುವುದು ಈ ನೆಲಕ್ಕೆ ಹೊಸದಲ್ಲ. ಆದಿಲ್‌ಶಾಹಿ ಕಾಲದ ಕುಮಟಗಿಯ ಮಹಲಿನ ಗೋಡೆಗಳಲ್ಲಿ ಕುದುರೆಯ ಮೇಲೆ ಚೆಂಡಾಡುವವರ ಚಿತ್ರಗಳಿವೆ. ಹಾರಾಟದ ಕಾಲ ಬಂದಾಗ ಏರ್ ಇಂಡಿಯಾ ಹುಸೇನ್, ಗಾಯತೊಂಡೆ ಅವರಂಥ ಕಲಾವಿದರ ಚಿತ್ರಗಳನ್ನು ಕೊಂಡು ತನ್ನ ಕಚೇರಿಗಳ ಗೋಡೆಗೆ ಹಾಕಿತು. ನಮ್ಮ ಪೇಂಟರುಗಳು ಕೊಳ್ಳುವವರಿಲ್ಲದೆ ಜಾತ್ರೆಯ ಹಲಗೆ, ಸ್ಟುಡಿಯೋದ ಪರದೆಗಳಲ್ಲೇ ಉಳಿದರು. ಫ್ಲೆಕ್ಸ್ ಬಂದು ಅದನ್ನೂ ಕಸಿದುಕೊಂಡಿತು.

ಬುರಣಾಪುರ-ಮದಭಾವಿ ಬಯಲಿನಲ್ಲಿ ಈಗ ನಮ್ಮ ಜಿಲ್ಲೆಯ ವಿಮಾನ ನಿಲ್ದಾಣ ಎದ್ದಿದೆ. ಅದರ ಒಳಗೋಡೆಗಳಿಗೆ ಎಲ್ಲಿಂದಲೋ ಅಚ್ಚುಹಾಕಿದ ಹಾಳೆ ತಂದು ಅಂಟಿಸುವುದು ಬೇಡ. ಕುಂಚ ಹಿಡಿಯುವವರು ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿ ಇನ್ನೂ ಇದ್ದಾರೆ, ಅವರನ್ನು ಗೌರವದಿಂದ ಕರೆಯಿರಿ. ಟಪಾಲು ಹೊತ್ತ ಪುಸ್ ಮಾತ್, ಬೀದರಿನ ಎಚ್‌ಟಿ-2, ಕ್ಲಬ್ಬುಗಳ ಪುಷ್ಪಕ್ ಇವುಗಳನ್ನು ಅವರ ಕೈಯಿಂದಲೇ ಬರೆಸಿ, ಹೆಸರು ಹಾಕಿಸಿ, ತಕ್ಕ ಕೂಲಿ ಕೊಡಿ. ತಿಕೋಟಾದಿಂದ ಮೊದಲ ಸಲ ವಿಮಾನ ಹತ್ತಲು ಬರುವ ಹುಡುಗಿಗೆ, ಹಾರುವ ವಿದ್ಯೆ ನಮ್ಮ ಜನರ ಕೈಯಲ್ಲೂ ಬೆಳೆದದ್ದು ಅನ್ನುವುದು ಅಲ್ಲಿಯೇ ತಿಳಿಯಲಿ.